ಅಂಗೈಯ ದೇವರು, ಸಾಬಣ್ಣನ ನೀರು

ನನ್ನ ಪೂಜೆ ಬಹಳ ಉದ್ದವೆಂದು ದೋರನಹಳ್ಳಿಯಲ್ಲಿ ಹೆಸರಿದೆ. ಒಂದು ತಾಸು ಹಿಡಿಯುತ್ತದೆ. ಇಷ್ಟಲಿಂಗ ಅಂಗೈಯಲ್ಲಿರುವಾಗ ಮಾತಾಡಬಾರದೆಂಬುದು ನಮ್ಮ ಮನೆಯ ಕಟ್ಟಳೆ, ನಾನು ಮಾತಾಡುವುದಿಲ್ಲ. ಆದರೆ 'ಹೂಂ' ಎನ್ನುತ್ತೇನೆ, 'ಊಹೂಂ' ಎನ್ನುತ್ತೇನೆ, ಹುಬ್ಬು ಹಾರಿಸುತ್ತೇನೆ, ಬಲಗೈ ಬೆರಳಿನಿಂದ ಗಾಳಿಯಲ್ಲಿ ಅಪ್ಪಣೆ ಹೊರಡಿಸುತ್ತೇನೆ. ಹಾಲು ಉಕ್ಕುವುದು, ಎಮ್ಮೆ ಹಗ್ಗ ಬಿಚ್ಚಿಕೊಳ್ಳುವುದು, ಹೊರಗೆ ಯಾರೋ ಬಂದು ನಿಲ್ಲುವುದು, ಎಲ್ಲವನ್ನೂ ಕೂತಲ್ಲಿಂದಲೇ ವಿಲೇವಾರಿ ಮಾಡಿದ್ದೇನೆ. "ಪೂಜಿಗಿ ಕುಂತ್ರ ಇವ್ರಿಗೆ ನಾಕ ಬಾಯಿ ಬರ್ತಾವ್ರಿ" ಎಂದು ನನ್ನ ಹೆಂಡತಿ ಶರಣಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ.

ಉಳಿದವರು ದೇವರನ್ನು ನೋಡಲು ಗುಡಿಗೆ ನಡೆಯಬೇಕು, ಬಾಗಿಲು ತೆರೆಯುವ ತನಕ ಕಾಯಬೇಕು. ನಮ್ಮ ಹಿರಿಯರು ಆ ತೊಂದರೆಯೇ ಬೇಡವೆಂದು ದೇವರನ್ನು ಕೊರಳಿಗೆ ಕಟ್ಟಿ, ಪೂಜೆಯ ಹೊತ್ತಿಗೆ ಅಂಗೈಗೇ ತಂದುಕೊಟ್ಟರು. ನಡುವೆ ಪೂಜಾರಿ ಇಲ್ಲ. ಅವನು, ನೀನು, ಇಬ್ಬರೇ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆ ಯಾರನ್ನು ನೋಡಿ ಹುಟ್ಟಿತೋ ಗೊತ್ತಿಲ್ಲ. ನಾನಂತೂ ತುಪ್ಪಕ್ಕೂ ಅಲೆಯಲಿಲ್ಲ. ಬೆಣ್ಣೆ ಹಿಡಿದುಕೊಂಡೇ ಎಮ್ಮೆಯ ಯೋಚನೆ ಮಾಡಿದೆ.

ಇಬ್ಬರೇ ಇರುವುದಕ್ಕೆ ನಾನೇಕೆ ಹೆದರುತ್ತಿದ್ದೆ ಎಂಬುದನ್ನು ಹೇಳಿಬಿಡುತ್ತೇನೆ. ಕಾಲುವೆ ಬಂದ ಮೇಲೆ ನಮ್ಮ ಕಡೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ನೀರಿಗೆ ಪಾಳಿ ಬಂತು. ನನ್ನ ಗದ್ದೆಗೆ ಹತ್ತಿದ್ದು ಸಾಬಣ್ಣನ ಗದ್ದೆ. ಎರಡು ವರ್ಷದ ಹಿಂದೆ, ಕಾಲುವೆ ಬಂದ್ ಆಗುವ ಮುಂಚಿನ ಕೊನೆಯ ಪಾಳಿ ನಡೆದಿತ್ತು. ನನ್ನ ಸರದಿ ಮುಗಿದರೂ ಗದ್ದೆಯ ಒಂದು ಮೂಲೆ ಒಣಗಿಯೇ ಇತ್ತು. ಮಧ್ಯಾಹ್ನ ಸಾಬಣ್ಣ, "ಮಾಸ್ತರ, ಉಂಡ ಬರ್ತೀನ್ರಿ, ನೀರಿನ ಕಡಿ ಒಂದೀಟ ನೋಡ್ಕೊಂಡಿರ್ರಿ" ಎಂದು ಮನೆಗೆ ಹೋದ. ಅವನು ಮರೆಯಾದದ್ದೇ ತಡ, ಅವನ ಗದ್ದೆಯ ದಾರಿಗೆ ಮಣ್ಣು ಎಳೆದು ನೀರನ್ನು ನನ್ನ ಕಡೆ ತಿರುಗಿಸಿಕೊಂಡೆ. ಅವನು ಬರುವಷ್ಟರಲ್ಲಿ ಎಲ್ಲ ಮೊದಲಿನಂತೆ ಮಾಡಿ, ಒಡ್ಡಿನ ಮೇಲೆ ಸಾಚಾ ಮನುಷ್ಯನಂತೆ ಕೂತಿದ್ದೆ. ಆ ಸಲ ಅವನ ಗದ್ದೆಯ ಕೊನೆಯ ಭಾಗ ಜೊಳ್ಳಾಯಿತು. ಯಾರೂ ಏನೂ ಕೇಳಲಿಲ್ಲ. ನನ್ನ ಪೂಜೆ ಉದ್ದವಾದದ್ದು ಆಮೇಲೆಯೇ.

ಹೋದ ತಿಂಗಳು ಶರಣಮ್ಮ ತಂಗಿಯ ಮಗಳ ಮದುವೆಗೆಂದು ಸುರಪುರಕ್ಕೆ ಹೋದಳು. ನನ್ನ ಮೇಲೆ ಭರವಸೆ ಇಲ್ಲದೆ ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗಿದ್ದಳು. ಮುಂಜಾನೆ ಮಿಂದು, ವಿಭೂತಿ ಧರಿಸಿ ಕೂತೆ. ಹುಬ್ಬು ಹಾರಿಸಲು ಎದುರಿಗೆ ಯಾರೂ ಇಲ್ಲ. ಅಂಗೈಯ ಲಿಂಗ ಸುಮ್ಮನಿತ್ತು, ನಾನೂ ಸುಮ್ಮನಿರಬೇಕಾಯಿತು. ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಸಾಬಣ್ಣನ ಗದ್ದೆ ಕಣ್ಣ ಮುಂದೆ ಬಂದು ನಿಂತಿತು. 'ಊಹೂಂ' ಎಂದೆ, ಹೋಗಲಿಲ್ಲ. ಬಹಳ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಅತ್ತೆನೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಪೂಜೆ ಮುಗಿಸಿ, ಚಹಾವನ್ನೂ ಕುಡಿಯದೆ, ಸೀದಾ ಸಾಬಣ್ಣನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಮನುಷ್ಯ ಇನ್ನು ಮೇಲೆ ನನ್ನನ್ನು ನಂಬುತ್ತಾನೋ ಇಲ್ಲವೋ ಎಂಬುದೊಂದೇ ಭಯ.

ಸಾಬಣ್ಣ ಹಗ್ಗ ಹೊಸೆಯುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ನನಗ ಅವತ್ತ ಗೊತ್ತಾಗಿತ್ರಿ. ಉಂಡ ಬರೋದ್ರಾಗ ನಿಮ್ಮ ಒಣಾ ಮೂಲಿ ತೊಯ್ದಿತ್ತು. ನೆಲ ಸುಳ್ಳ ಹೇಳ್ತದೇನ್ರಿ?"

"ಮತ್ತ ಯಾಕ ಕೇಳ್ಲಿಲ್ಲಪಾ?"

"ಸಾಲಿ ಕಲಸೋರಿಗೆ ನಾ ಏನ್ ಕೇಳ್ಲಿ? ದಿನಾ ಒಂದ ತಾಸ ದೇವ್ರ ಮುಂದ ಕುಂಡ್ರತೀರಿ. ಅಂವನ ಹೇಳ್ತಾನ ಬಿಡು ಅಂತ ಸುಮ್ಕಿದ್ದೆ. ಅಂವಾ ಬಾಳ ತಡಾ ಮಾಡಿದ ನೋಡ್ರಿ."

ತಡ ಮಾಡಿದವನು ದೇವರಲ್ಲ ಎಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದೇವರು ಮೊದಲ ದಿನವೇ ಹೇಳಿರಬೇಕು. ಕೇಳಬೇಕಾದವನಿಗೆ ಪುರುಸೊತ್ತಿರಲಿಲ್ಲ.

ಮೊನ್ನೆ ನನ್ನ ಪಾಳಿ ಬಂತು. ಮೊದಲ ನೀರನ್ನು ಸಾಬಣ್ಣನ ಗದ್ದೆಗೆ ಬಿಟ್ಟೆ. ಅವನು ಬಂದು ನೋಡಿದ, ಟವೆಲಿನಿಂದ ಮುಖ ಒರೆಸಿಕೊಂಡ. "ಉಂಡ ಬರ್ತೀನ್ರಿ ಮಾಸ್ತರ, ನೀರ ನೋಡ್ಕೊಂಡಿರ್ರಿ" ಎಂದವನೇ ಹಿಂದಿರುಗಿ ನೋಡದೆ ಮನೆಯ ಕಡೆ ನಡೆದ. ನಾನು ಒಡ್ಡಿನ ಮೇಲೆ ಕೂತೆ. ಎದುರಿಗೆ ನೀರು, ಪಕ್ಕದಲ್ಲಿ ಸಲಿಕೆ, ಸುತ್ತ ಒಂದು ನರಪಿಳ್ಳೆ ಇಲ್ಲ. ದೇವರ ಜೊತೆ ಅಷ್ಟು ಹೊತ್ತು ಸುಮ್ಮನೆ ನಾನು ಯಾವತ್ತೂ ಕೂತವನಲ್ಲ. ಸಾಬಣ್ಣ ಆ ದಿನ ಬಹಳ ಸಾವಕಾಶವಾಗಿ ಉಂಡು ಬಂದ.