ಗುಂಪಿನಲ್ಲಿ ಮೊದಲು ಎದ್ದವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸ್ಟುಡಿಯೋ ಗೇಟಿನ ಹೊರಗೆ ಆಗಲೇ ಸಾಲು ನಿಂತಿದೆ. ಶೂಟಿಂಗಿಗೆ ಜನ ಒದಗಿಸುವ ಏಜೆಂಟು ಒಬ್ಬೊಬ್ಬರ ಮುಖಕ್ಕೂ ಟಾರ್ಚು ಬಿಟ್ಟು, ನೀನು ಬಾ, ನೀನು ಬೇಡ ಎನ್ನುತ್ತ ಬರುತ್ತಾನೆ. ಸಾಲಿನಲ್ಲಿ ನಿಂತ ದೊಡ್ಡಕ್ಕ, ಎಲ್ಲರೂ ಕರೆಯುವುದು ಹಾಗೆಯೇ, ಕೂದಲು ಸವರಿಕೊಂಡು ಬೆನ್ನು ನೆಟ್ಟಗೆ ಮಾಡುತ್ತಾರೆ. ನಿನ್ನೆ ಆಸ್ಪತ್ರೆಯ ರೋಗಿಯಾಗಿದ್ದವರು ಇವತ್ತು ಸಂತೆಯ ಹೆಂಗಸು. ಆಯ್ಕೆಯಾಯಿತು. ಕರೆ ಬರುವ ತನಕ ಬಣ್ಣ ಹಚ್ಚುವ ಕೋಣೆಯ ಬೆಂಚಿನ ಮೇಲೆ, ಪತ್ರಿಕೆಗೆ ಬರೆಯಲು ಬಂದ ನನ್ನೊಂದಿಗೆ ಮಾತಿಗೆ ಕೂರುತ್ತಾರೆ.

ಮೂವತ್ತು ವರ್ಷದಿಂದ ಗುಂಪಿನಲ್ಲಿ ನಿಲ್ಲುವುದೇ ಇವರ ಕಸುಬು. ತೆರೆಯ ಮೇಲೆ ಒಂದು ಮಾತೂ ಆಡಿದವರಲ್ಲ. ಆದರೂ ನೀವು ಇವರನ್ನು ನೋಡಿರುತ್ತೀರಿ. ಅನ್ಯಾಯದ ಸರ್ಕಾರಕ್ಕೆ ಒಂದು ಊರು ಸೆಡ್ಡು ಹೊಡೆಯುವ ಆ ಹಳೆಯ ಚಿತ್ರದಲ್ಲಿ ಸೈನಿಕರು ಎಲ್ಲರನ್ನೂ ಮಂಡಿಯೂರಿಸುತ್ತಾರೆ. ಅಧಿಕಾರಿ ಆಜ್ಞೆ ಓದುತ್ತಾನೆ. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಏಳುತ್ತಾಳೆ, ಪಕ್ಕದವಳು ಏಳುತ್ತಾಳೆ, ನೋಡನೋಡುತ್ತಿದ್ದಂತೆ ಇಡೀ ಮೈದಾನವೇ ಎದ್ದು ನಿಲ್ಲುತ್ತದೆ. ಆ ಮೊದಲ ಹೆಂಗಸು ನಮ್ಮ ದೊಡ್ಡಕ್ಕ.

ಕಥೆಯಲ್ಲಿ ಹಾಗಿರಲೇ ಇಲ್ಲವಂತೆ. ನಾಯಕನೊಬ್ಬನೇ ಏಳಬೇಕಿತ್ತು. "ನನ್ನ ಮಂಡಿ ಹಿಡ್ಕೊಂಡ್ಬಿಡ್ತು. ತಡ್ಕೊಳ್ಳೋಕಾಗ್ದೆ ಎದ್ದೆ," ಎಂದು ನಗುತ್ತಾರೆ. ಹೇಳಿದ್ದು ಕೇಳಿಸದಿದ್ದರೆ ಪಕ್ಕದವರು ಮಾಡಿದ್ದನ್ನೇ ಮಾಡುವುದು ಗುಂಪಿನವರ ರೂಢಿ. ಸನ್ನೆ ಬಂತೇನೋ ಎಂದುಕೊಂಡು ಪಕ್ಕದವಳು ಎದ್ದಳು, ಅವಳನ್ನು ನೋಡಿ ಉಳಿದವರು. ಕೊನೆಗೆ ಮಂಡಿಯೂರಿ ಉಳಿದವನು ನಾಯಕನೊಬ್ಬನೇ, ಪಾಪ.

ಮೊದಲು ಎದ್ದದ್ದು ಯಾರು ಎಂದು ನಿರ್ದೇಶಕರು ಕೇಳಿದಾಗ ದೊಡ್ಡಕ್ಕನ ಜೀವ ಬಾಯಿಗೆ ಬಂದಿತ್ತು. ಬೈಗುಳ ಬೀಳಲಿಲ್ಲ. ಹೀಗೇ ಇನ್ನೊಂದು ಸಲ ಮಾಡಿ ಎಂದರು. ನಾವು ನೋಡಿದ್ದು ಆ ಎರಡನೇ ಸಲದ್ದು.

ಮಂಡಿಯ ನೋವು ಇವತ್ತಿಗೂ ಗುಟ್ಟು. ಕೂತು ಏಳಲಾಗದವರನ್ನು ಏಜೆಂಟು ಕರೆಯುವುದಿಲ್ಲ, ಮನೆ ನಡೆಯುವುದು ಈ ಕೂಲಿಯಿಂದಲೇ. ಗಂಡನಿಗೊಂದು ಚಹಾ ಗಾಡಿಯಿತ್ತು. ಆ ಚಿತ್ರಕ್ಕೂ ಮೊದಲೇ ಅಧಿಕಾರಿಗಳು ಬಂದು ಅದನ್ನು ನಡುಬೀದಿಯಲ್ಲಿ ಉರುಳಿಸಿ ಹೋದರು. ಆಮೇಲೆ ಆತ ವ್ಯಾಪಾರದ ಮಾತೇ ಎತ್ತಲಿಲ್ಲ. "ನಾನೂ ಅಲ್ಲೇ ಇದ್ದೆ. ತಲೆ ತಗ್ಗಿಸ್ಕೊಂಡು ಬಿದ್ದ ಲೋಟ ಆರಿಸ್ತಾ ಇದ್ದೆ. ಒಂದು ಮಾತೂ ಆಡ್ಲಿಲ್ಲ," ಎನ್ನುವಾಗ ದನಿ ಇಳಿಯುತ್ತದೆ.

ಪತ್ರಿಕೆಯಲ್ಲಿ ಮಂಡಿಯ ಸುದ್ದಿ ಬಂದರೆ ಕೆಲಸಕ್ಕೇ ಕುತ್ತು. ಅದನ್ನು ಬಿಟ್ಟು ಬರೆಯುತ್ತೇನೆ ಎನ್ನುತ್ತೇನೆ. ಅವರು ಕೈಯಾಡಿಸಿ ತಡೆಯುತ್ತಾರೆ.

"ಬೇಡಪ್ಪ, ಬರೀರಿ. ನಾಳೆಯಿಂದ ಆ ಏಜೆಂಟು ಕರೀದೇ ಇರಬಹುದು, ಗೊತ್ತು. ಮೊದಲನೇ ಸಲ ನೋವಿಗೇ ಎದ್ದದ್ದು, ಸುಳ್ಳು ಯಾಕೆ? ಎರಡನೇ ಸಲ ಆ ಅಧಿಕಾರಿ ವೇಷದವನು ಓದೋಕೆ ಶುರು ಮಾಡಿದ ನೋಡಿ, ನಮ್ಮ ಗಾಡಿ ಕಣ್ಮುಂದೆ ಬಂತು. ಆಗ ಎದ್ದದ್ದು ಮಂಡಿಗಲ್ಲ, ನಾನೇ. ಅದನ್ನೂ ಬರೀರಿ."