ಮೇಸ್ತ್ರಿಯ ಸ್ಕ್ರೂಡ್ರೈವರ್

ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದಿಂದ ಸೊರಬಕ್ಕೆ ಬಾಡಿಗೆ ಕಾರು ಓಡಿಸುತ್ತಿದ್ದೆ. ತಿಂಗಳಿಗೊಮ್ಮೆ ಎಂಜಿನ್ ತೋರಿಸಲು ಶಿಕಾರಿಪುರದ ಮೇಸ್ತ್ರಿಯ ಬಳಿ ಹೋಗಬೇಕಿತ್ತು. ಅವರು ಮೊದಲು ಆಯಿಲ್ ಕಡ್ಡಿ ಎಳೆದು, ಬೆರಳಿಗೆ ಸವರಿ ಮೂಸುತ್ತಿದ್ದರು. ಆಮೇಲೆ ಎಂಜಿನ್ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಮರದ ಹಿಡಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದರು. ನಾನು ಬಾಯಿ ತೆರೆದರೆ ಕೈ ಎತ್ತಿ, "ಸುಮ್ನಿರ್ರಿ, ಅದು ಮಾತಾಡ್ಲಿ" ಅನ್ನುತ್ತಿದ್ದರು.

ಬರಬರುತ್ತಾ ಆ ಹಿಡಿ ಕಿವಿಯಿಂದ ಹಲ್ಲಿಗೆ ಬಂತು. ಅದನ್ನು ಕಚ್ಚಿಕೊಂಡೇ ಎಂಜಿನ್ ಪರೀಕ್ಷಿಸುತ್ತಿದ್ದರು. ಇದೂ ಕಸುಬಿನ ಒಂದು ಮರ್ಮವಿರಬೇಕು ಅಂದುಕೊಂಡೆ.

ಒಂದು ಬೆಳಿಗ್ಗೆ ಅವರು ಹಾಗೆ ಕಣ್ಣು ಮುಚ್ಚಿ ನಿಂತಿದ್ದಾಗ ಹೆಂಡತಿ ಚಹಾ ತಂದರು. ಗಂಡನನ್ನು ಕರೆಯದೆ ಎದುರಿಗೆ ಸುಮ್ಮನೆ ಕಾಯುತ್ತ ನಿಂತರು.

"ಕರೀರಿ, ಚಾ ಆರಿ ಹೋಗ್ತತಿ" ಅಂದೆ.

"ಕಾರಿನ ದನಿ ಹಲ್ಲಿಂದ ಒಳಗ್ಹೋಗ್ತತ್ರಿ" ಅಂದರು ಆಕೆ. "ನನ್ ದನಿ ಅವ್ರಿಗೆ ಕೇಳಿ ಭಾಳ ದಿನ ಆತು."

ಮೇಸ್ತ್ರಿ ಕಣ್ಣು ತೆರೆದಾಗ ಆಕೆಯ ತುಟಿ ಇನ್ನೂ ಅಲುಗುತ್ತಿತ್ತು. ಅವರು ಹಿಡಿಯನ್ನು ಬಾಯಿಂದ ತೆಗೆದು, ಹೆಂಡತಿಯತ್ತ ಕೈ ಎತ್ತಿದರು.

"ಸುಮ್ನಿರು, ಅದು ಮಾತಾಡ್ಲಿ."