ನೇಗಿಲು ಕಳಚಿಟ್ಟವಳು

ಮೂವತ್ತು ವರ್ಷ ಬಾಡಿಗೆ ಟ್ರ್ಯಾಕ್ಟರ್ ಓಡಿಸಿ ಊರವರ ಹೊಲಗಳನ್ನೆಲ್ಲ ಉತ್ತ ಹೆಂಗಸು ಒಂದು ಬೆಳಿಗ್ಗೆ ತನ್ನದೇ ಹೊಲದ ನಡುವೆ ಗಾಡಿ ನಿಲ್ಲಿಸಿ, ಕೆಳಗಿಳಿದು, ಹಿಂದಿನ ನೇಗಿಲು ಕಳಚಿಟ್ಟು, "ಇನ್ಮೇಲೆ ಈ ನೆಲಕ್ಕೆ ನೇಗಿಲು ತಾಗಿಸಲ್ಲ" ಎಂದರೆ ಜನ ಸುಮ್ಮನಿರುತ್ತಾರೆಯೇ? ಬಿದ್ದು ಬಿದ್ದು ನಕ್ಕರು. ಅವಳು ಎಳೆದ ಸಾಲೆಂದರೆ ನೂಲು ಹಿಡಿದ ಹಾಗೆ ನೇರ. ಅದಕ್ಕೇ ಅವಳು ಎಲ್ಲರಿಗೂ ನೂಲಕ್ಕ. ಅಮ್ಮ ಇಟ್ಟ ಹೆಸರು ಅವಳಿಗೇ ನೆನಪಿದ್ದರೆ ಹೆಚ್ಚು.

ಅವಳಿಗೆ ಹುಚ್ಚೇನೂ ಹಿಡಿದಿರಲಿಲ್ಲ. ಆ ನಲವತ್ತು ಎಕರೆ ಅವಳಿಗೂ ಅವಳ ಅಣ್ಣನಿಗೂ ಸೇರಿದ್ದು, ಪೂರ್ತಿ ಇಳಿಜಾರು. ಒಂದೊಂದು ಮಳೆಗೂ ಕೆಳಗಿನ ಹಳ್ಳ ಕೆಂಪಾಗಿ ಹರಿಯುತ್ತಿತ್ತು. ವರ್ಷದಿಂದ ವರ್ಷಕ್ಕೆ ನೇಗಿಲಿಗೆ ಮಣ್ಣಿಗಿಂತ ಕಲ್ಲೇ ಹೆಚ್ಚು ಸಿಗುತ್ತಿತ್ತು. ಸಡಿಲ ಮಾಡಿಕೊಟ್ಟವಳು ನಾನು, ಹೊತ್ತುಕೊಂಡು ಹೋಗಿದ್ದು ಮಳೆ ಎಂದು ಒಂದು ದಿನ ಅವಳಿಗೆ ಹೊಳೆಯಿತು. ಆಮೇಲೆ ನೆಲ ಉಳದೆ ಕಾಡಿನ ಹಾಗೆ ಬೆಳೆಸುವ ಪರ್ಮಾಕಲ್ಚರ್ ಬೇಸಾಯದ ಬಗ್ಗೆ ಯಾರೋ ನಡೆಸಿದ ಎರಡು ದಿನದ ಶಿಬಿರಕ್ಕೆ ಹೋಗಿ ಬಂದಳು. ಇಳಿಜಾರಿಗೆ ಅಡ್ಡಲಾಗಿ ಟ್ರೆಂಚು ತೋಡಿ ಓಡುವ ನೀರನ್ನು ನಿಲ್ಲಿಸಿ, ತೆಗೆದ ಮಣ್ಣನ್ನು ಕೆಳಬದಿಗೆ ಬದುವಾಗಿ ಹಾಕಿ, ಬದುವಿನ ಮೇಲೆ ಮರಗಿಡ ಬೆಳೆಸಿ, ನೆಲವನ್ನು ಬರಿದಾಗಿ ಬಿಡದೆ ಹುಲ್ಲು ತರಗೆಲೆ ಹೊದಿಸಿ ಎಂದರು. ಮೊದಲು ಒಂದು ಸಣ್ಣ ಮೂಲೆಯಲ್ಲಿ ಮಾಡಿ ನೋಡಿ ಎಂದೂ ಹೇಳಿದ್ದರು. ಆ ಮಾತು ಮಾತ್ರ ಅವಳ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೊರಟುಹೋಯಿತು.

ಅಣ್ಣನ ಹತ್ತಿರ ನಲವತ್ತು ಎಕರೆಯನ್ನೂ ಕೇಳಿದಳು. ಅವನು ಮೇಲಿನ ಹದಿನೈದು ಕೊಟ್ಟ.

"ಒಂದು ಮಳೆಗಾಲ ನೋಡ್ತೀನಿ" ಎಂದ. "ನೀರು ನಿಲ್ಲಲಿಲ್ವೋ, ಎಲ್ಲಾ ಮುಚ್ಚಿಸಿ ನೇಗಿಲು ಹೊಡೆಸ್ತೀನಿ. ಆಮೇಲೆ ನೀನು ತುಟಿ ಪಿಟಿಕ್ ಅನ್ನಬಾರದು."

ಒಂದೇ ವಾರದಲ್ಲಿ ಹದಿನೈದು ಎಕರೆಗೂ ಟ್ರೆಂಚು ಬಿತ್ತು. ಗೂಟ ನೆಟ್ಟು ಮಟ್ಟ ನೋಡೋಣ ಎಂದ ಜೆಸಿಬಿಯವನಿಗೆ, "ಮೂವತ್ತು ವರ್ಷ ಸಾಲು ಎಳೆದಿರೋ ಕಣ್ಣಿದು. ಗೂಟ ನಿನ್ನ ಹತ್ರಾನೇ ಇಟ್ಕೋ" ಎಂದು ಗದರಿದಳು. ಏಳು ಟ್ರೆಂಚುಗಳೂ ಈ ಅಂಚಿನಿಂದ ಆ ಅಂಚಿಗೆ ಕಣ್ಣಿಗೆ ಒತ್ತಿಕೊಳ್ಳುವಷ್ಟು ನೇರ. ಆದರೆ ನೆಲ ನೇರವಾಗಿರಲಿಲ್ಲ. ಎಡಮೂಲೆಗೆ ಒಂದು ಮೊಳ ತಗ್ಗಿತ್ತು. ಮೊದಲ ದೊಡ್ಡ ಮಳೆಗೆ ಏಳರ ನೀರೂ ಆ ಮೂಲೆಗೆ ಜಾರಿ, ಬದು ಒಡೆದು, ಕೆಳಗೆ ಅಣ್ಣ ಬಿತ್ತಿದ್ದ ಜೋಳದ ಮೊಳಕೆಯನ್ನು ಗುಡಿಸಿಕೊಂಡು ಹೋಯಿತು.

ಅಣ್ಣ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದ. "ಇದೇನಾ ಶಿಬಿರದಲ್ಲಿ ಕಲಿತ ವಿದ್ಯೆ? ಸೋಮವಾರ ಟ್ರ್ಯಾಕ್ಟರ್ ಕರೆಸ್ತೀನಿ."

"ನೀನು ಒಂದು ಮಳೆಗಾಲ ಅಂದಿದ್ದೆ. ಒಂದು ಮಳೆ ಅಂದಿರಲಿಲ್ಲ." ಅವಳ ತಲೆ ತಗ್ಗಲಿಲ್ಲ. "ತಪ್ಪು ನಂದೇ. ನಿನ್ನ ಜೋಳ ನಾನೇ ಮತ್ತೆ ಬಿತ್ತಿಕೊಡ್ತೀನಿ. ಟ್ರೆಂಚು ಮಾತ್ರ ಮುಚ್ಚಲ್ಲ."

ಅವಳ ಗಂಡ ಗಾರೆ ಮೇಸ್ತ್ರಿ. ಸಂಜೆ ಹಿತ್ತಲ ನಲ್ಲಿಯ ಕೆಳಗೆ ಕರಣೆ ತೊಳೆಯುತ್ತ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ.

"ಕಣ್ಣಳತೆಯಲ್ಲಿ ತೋಡಿಸಿದ್ಯಾ?"

"ಹೂಂ."

"ನಾನು ಕಣ್ಣಳತೆಯಲ್ಲಿ ಬಚ್ಚಲು ಕಟ್ಟಿದ್ರೆ ಸ್ನಾನದ ನೀರೆಲ್ಲ ಅಡುಗೆಮನೆಗೆ ಬರ್ತಿತ್ತು ಕಣೇ" ಎಂದು ನಕ್ಕು, ಸಾಮಾನಿನ ಚೀಲದಿಂದ ಲೆವೆಲ್ ಪೈಪು ತೆಗೆದ. ಒಳಗಿನ ನೀರು ಕಾಣುವ, ಬೆರಳು ದಪ್ಪದ ಉದ್ದನೆಯ ಪೈಪು ಅದು. ನೀರು ತುಂಬಿ ಹಿಡಿದರೆ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ.

ಒಂದು ತುದಿ ಅವನು, ಇನ್ನೊಂದು ತುದಿ ಅವಳು. ಮಟ್ಟ ಸಿಕ್ಕಲ್ಲೆಲ್ಲ ಗೂಟ ಹೊಡೆಯುತ್ತ ಹೋದರು. ಹಿಂತಿರುಗಿ ನೋಡಿದರೆ ಗೂಟಗಳ ಸಾಲು ಅತ್ತ ಬಾಗಿ ಇತ್ತ ಬಾಗಿ ಕುಡುಕನ ಹೆಜ್ಜೆಯಂತಿತ್ತು.

"ಇಷ್ಟು ಸೊಟ್ಟಗಾ? ನನ್ನ ಕೈಯಲ್ಲಿ ಆಗಲ್ಲ ರೀ" ಎಂದಳು. ಅವಳಿಗೆ ನಿಜಕ್ಕೂ ಅಳು ಬಂದಿತ್ತು. ಜೀವಮಾನವಿಡೀ ಹೊಗಳಿಸಿಕೊಂಡ ಒಂದೇ ಒಂದು ಗುಣವನ್ನು ಬಿಟ್ಟುಕೊಡುವುದು ಸುಲಭವಲ್ಲ.

"ನೆಲ ಇರೋದೇ ಹಾಗೆ. ನಿನಗೆ ನೀರು ನಿಲ್ಲಬೇಕಾ, ಗೆರೆ ಚೆಂದ ಕಾಣಬೇಕಾ?"

ಅವಳು ಮೂಗು ಒರೆಸಿಕೊಂಡು ಗುದ್ದಲಿ ಎತ್ತಿದಳು. ದಾರಿಯಲ್ಲಿ ಹೋಗುವವರು, "ನೂಲಕ್ಕನ ನೂಲು ಸಿಕ್ಕಾಯ್ತಲ್ರಪ್ಪೋ!" ಎಂದು ಕೂಗಿದರು. "ಬಿಡಿಸೋಕೆ ಬರ್ತೀರಾ? ಇನ್ನೊಂದು ಗುದ್ದಲಿ ಇದೆ" ಎಂದು ಅವಳು ತಿರುಗಿ ಕೂಗಿದ್ದೇ ತಡ, ಎಲ್ಲರಿಗೂ ಎಲ್ಲೋ ಅರ್ಜೆಂಟ್ ಕೆಲಸ ನೆನಪಾಯಿತು. ಒಡೆದ ಮೂಲೆಗೆ ಅವರಿಬ್ಬರೇ ಕಲ್ಲು ಒಟ್ಟಿದರು. ಗಂಡ ಹೆಂಡತಿ ಬೆನ್ನು ಮುರಿದುಕೊಂಡರೂ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೇಲಿನ ಎರಡು ಟ್ರೆಂಚು ಮಾತ್ರ ತಿದ್ದಲಿಕ್ಕಾಯಿತು. ಅಷ್ಟರಲ್ಲಿ ಮಳೆ ಬಂತು, ಒಂದೇ ಸಮನೆ ಸುರಿಯಿತು.

ಸೋಮವಾರ ಬೆಳಿಗ್ಗೆ ಅಣ್ಣ ಟ್ರ್ಯಾಕ್ಟರ್ ಸಮೇತ ಬಂದ. ಮೇಲಿನ ಎರಡು ಸೊಟ್ಟ ಟ್ರೆಂಚುಗಳಲ್ಲಿ ನೀರು ಈ ತುದಿಯಿಂದ ಆ ತುದಿಯವರೆಗೆ ಅಲುಗದೆ ನಿಂತಿತ್ತು. ಕೆಳಗಿನ ಐದರಲ್ಲಿ ನೀರು ಹಳೇ ಚಾಳಿ ಬಿಡದೆ ಎಡಕ್ಕೆ ಜಾರಿಹೋಗಿತ್ತು. ಅಣ್ಣ ಖಾಲಿ ಐದನ್ನು ತೋರಿಸಿದ, ತಂಗಿ ತುಂಬಿದ ಎರಡನ್ನು ತೋರಿಸಿದಳು. ಇಬ್ಬರದೂ ಒಂದೇ ರಕ್ತ, ಒಂದೇ ಹಟ.

"ಹಾಗಾದ್ರೆ ಪಾಲು ಮಾಡೋಣ" ಎಂದ ಅಣ್ಣ ಕೊನೆಗೆ. "ಈ ಕಲ್ಲುನೆಲ ನಿಂಗೆ, ಕೆಳಗಿನದು ನಂಗೆ. ನಿನ್ನ ಪಾಡು ನಿಂಗೆ."

ಅಪ್ಪ ಹೋದ ಮೇಲೂ ಪಾಲು ಎಂಬ ಮಾತು ಆ ಮನೆಯಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ. ಆದರೂ ಅವಳು ಹಿಂದೆ ಸರಿಯಲಿಲ್ಲ.

"ಮಾಡು. ನಂಗೆ ಮೇಲಿನದೇ ಇರಲಿ. ಆದ್ರೆ ಅಣ್ಣ, ಇಲ್ಲಿ ನಿಂತ ನೀರು ಮಣ್ಣೊಳಗೆ ಇಳಿದು ನಿನ್ನ ಜೋಳದ ಬೇರಿಗೇ ಬರೋದು. ತಂಗಿ ನೀರು ನಂಗೆ ಬೇಡ ಅಂತ ಯಾವ ಬೇಲಿ ಹಾಕಿ ತಡೀತೀಯ, ಹೇಳು?"

ಅಣ್ಣ ತುಂಬಿದ ಟ್ರೆಂಚನ್ನೂ ಕೆಳಗಿನ ತನ್ನ ಹೊಲವನ್ನೂ ನೋಡಿದ. ಆಮೇಲೆ ಟ್ರ್ಯಾಕ್ಟರಿನವನಿಗೆ ವಾಪಸು ಹೋಗು ಎಂದು ಕೈ ಬೀಸಿದ.

"ಮಳೆಗಾಲ ಮುಗಿಯೋವರೆಗೆ ಅಷ್ಟೇ" ಎಂದ, ಅವಳ ಮುಖ ನೋಡದೆ.

"ಮುಗಿದ ಮೇಲೆ ಕೆಳಗಿನ ಇಪ್ಪತ್ತೈದೂ ಕೇಳ್ತೀನಿ. ಈಗಿನಿಂದಲೇ ಮನಸ್ಸು ಗಟ್ಟಿ ಮಾಡ್ಕೋ" ಎಂದು ಹೇಳಿ ಅವಳು ಸೀರೆಯ ನೆರಿಗೆ ಎತ್ತಿ ಕಟ್ಟಿ ಮೂರನೆಯ ಟ್ರೆಂಚಿಗೆ ಇಳಿದಳು.